ನಂದಲಾಲ್ ಬೋಸರ ಕಲಾಶಿಕ್ಷಣ ಮತ್ತು ಅಚ್ಚಿನ ಚಿತ್ರ

ಇಪ್ಪತ್ತನೆಯ ಶತಮಾನದ ಭಾರತೀಯ ಕಲಾಚರಿತ್ರೆಯಲ್ಲಿ ನಂದಲಾಲ್ ಬೋಸರ (1882-1966) ಹೆಸರು ಸಾಮಾನ್ಯವಾಗಿ ಮೂರು ಸಂದರ್ಭಗಳಲ್ಲಿ ಪ್ರಸ್ತಾಪಗೊಳ್ಳುತ್ತದೆ. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಪುರಾಣವಸ್ತುಗಳನ್ನು ಚಿತ್ರಿಸಿದವರು, 1938ರ ಹರಿಪುರ ಕಾಂಗ್ರೆಸ್ ಅಧಿವೇಶನದ ಚಿತ್ರಫಲಕಗಳನ್ನು ರಚಿಸಿದವರು, ಭಾರತದ ಸಂವಿಧಾನದ ಮೂಲಪ್ರತಿಯನ್ನು ಅಲಂಕರಿಸಿದವರು ಎಂಬುದಾಗಿ. ಈ ಮೂರೂ ಸರಿಯೇ. ಆದರೆ ಈ ಚೌಕಟ್ಟಿನಲ್ಲಿ ಅವರ ಬದುಕಿನ ಬಹುಭಾಗವಾದ ಅಧ್ಯಾಪನ ಹಿನ್ನೆಲೆಗೆ ಸರಿಯುತ್ತದೆ. ಆ ಅಧ್ಯಾಪನದ ಒಳಗೂ, ಮರದ ಹಲಗೆ, ಲಿನೋಲಿಯಂ ತುಂಡು, ಕಲ್ಲು, ಲೋಹದ ತಗಡುಗಳನ್ನು ಇಟ್ಟುಕೊಂಡು ವಿದ್ಯಾರ್ಥಿಗಳೊಡನೆ ಅಚ್ಚು ತೆಗೆದ ಕೆಲಸಕ್ಕೆ ಅಡಿಟಿಪ್ಪಣಿಯಷ್ಟೇ ಸ್ಥಳ ದೊರೆತಿದೆ. ಒಂದೇ ಪ್ರತಿಯುಳ್ಳ ಕೃತಿಗೆ ಕಲಾಚರಿತ್ರೆ ಕೊಡುವ ಮನ್ನಣೆಯನ್ನು ಹಲವು ಪ್ರತಿಗಳುಳ್ಳ ಕೃತಿಗೆ ಅದು ಕೊಟ್ಟಿಲ್ಲವಷ್ಟೆ. ವಿಪರ್ಯಾಸವೆಂದರೆ, ಬಂಗಾಳದ ತಲೆತಲೆಮಾರಿನ ಮಕ್ಕಳು ನಂದಲಾಲರನ್ನು ಮೊದಲು ಕಂಡದ್ದು ಯಾವ ಚಿತ್ರಶಾಲೆಯಲ್ಲಿಯೂ ಅಲ್ಲ, ಒಂದು ಅಕ್ಷರಮಾಲೆಯ ಪುಸ್ತಕದ ಅಚ್ಚಿನ ಚಿತ್ರಗಳಲ್ಲಿ.

ನಂದಲಾಲರು ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗ್‌ಪುರದಲ್ಲಿ. ತಂದೆ ಪೂರ್ಣಚಂದ್ರ ಬೋಸರು ದರ್ಭಾಂಗ ಸಂಸ್ಥಾನದ ನೌಕರಿಯಲ್ಲಿದ್ದರು. ತಾಯಿ ಕ್ಷೇತ್ರಮಣಿದೇವಿಗೆ ಗೊಂಬೆ, ಆಟಿಕೆಗಳನ್ನು ಮಾಡುವ ಕೈಗಾರಿಕೆ ಒಲಿದಿತ್ತು. ಊರಿನ ಕುಂಬಾರರು ಮೂರ್ತಿಗಳನ್ನು ಮಾಡುವುದನ್ನು ನೋಡುತ್ತ, ಪೂಜೆಯ ಚಪ್ಪರಗಳನ್ನು ಸಿಂಗರಿಸುತ್ತ ಬೆಳೆದ ಹುಡುಗನಿಗೆ ಕಲೆ ಎಂಬುದು ಮೊದಲು ಪರಿಚಯವಾದದ್ದು ಕೈಕೆಲಸದ ರೂಪದಲ್ಲಿ. ಮುಂದೆ ಅವರು ಚಿತ್ರ ಮತ್ತು ಕರಕುಶಲತೆಗಳ ನಡುವಣ ಮೇಲುಕೀಳಿನ ಗೆರೆಯನ್ನು ಒಪ್ಪದೆ ಹೋದದ್ದಕ್ಕೆ ಈ ಬಾಲ್ಯವೊಂದನ್ನೇ ಕಾರಣವಾಗಿ ಹೇಳುವುದು ಸರಳೀಕರಣವಾದೀತು. ಆದರೂ ಅದನ್ನು ಬದಿಗಿರಿಸುವಂತಿಲ್ಲ.

ಶಾಲಾವಿದ್ಯೆ ಅವರಿಗೆ ಹತ್ತಲಿಲ್ಲ. ಹದಿಹರೆಯದಲ್ಲಿ ಕಲ್ಕತ್ತೆಗೆ ಬಂದು ಪ್ರವೇಶ ಪರೀಕ್ಷೆಯನ್ನೇನೋ ಮುಗಿಸಿದರು. ಅದರಾಚೆಗಿನ ಕಾಲೇಜು ಪರೀಕ್ಷೆಗಳಲ್ಲಿ ಅನುತ್ತೀರ್ಣರಾದರು. 1903ರಲ್ಲಿ ಸುಧೀರಾದೇವಿಯವರೊಡನೆ ವಿವಾಹವಾಯಿತು. ವಾಣಿಜ್ಯ ಓದಿಸುವ ಮನೆಯವರ ಪ್ರಯತ್ನವೂ ಫಲಿಸಲಿಲ್ಲ. ಕೊನೆಗೆ ತಾವು ಬರೆದ ಚಿತ್ರಗಳನ್ನೂ ಪಾಶ್ಚಾತ್ಯ ಚಿತ್ರಗಳ ನಕಲುಗಳನ್ನೂ ಹಿಡಿದುಕೊಂಡು ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥರ ಮುಂದೆ ನಿಂತರು. ಪರೀಕ್ಷೆಗಳಲ್ಲಿ ಸೋತ ಈ ವಿದ್ಯಾರ್ಥಿಯೇ ಮುಂದೆ ಪರೀಕ್ಷೆ, ಪಠ್ಯಕ್ರಮಗಳ ಬಿಗಿ ಇಲ್ಲದ ಕಲಾಶಾಲೆಯೊಂದನ್ನು ಕಟ್ಟಿದರೆಂಬುದು ಗಮನಾರ್ಹ.

ಆ ಸರ್ಕಾರಿ ಕಲಾಶಾಲೆಯ ಮೂಲವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. 1854ರಲ್ಲಿ ಅದು ಔದ್ಯೋಗಿಕ ಕಲೆಗಳ ಶಾಲೆಯಾಗಿ ಆರಂಭವಾಯಿತು. ಮರದ ಮೇಲೆ ಕೆತ್ತುವುದು, ಕಲ್ಲಚ್ಚು ತೆಗೆಯುವುದು ಅಲ್ಲಿನ ಪಾಠಗಳಾಗಿದ್ದವು. ಆದರೆ ಅವುಗಳ ಉದ್ದೇಶ ಕಲಾವಿದರನ್ನು ರೂಪಿಸುವುದಾಗಿರಲಿಲ್ಲ. ಪುಸ್ತಕಗಳಿಗೆ, ವೈಜ್ಞಾನಿಕ ವರದಿಗಳಿಗೆ ಚಿತ್ರ ಒದಗಿಸುವ ಕುಶಲ ನೌಕರರನ್ನು ತಯಾರಿಸುವುದಾಗಿತ್ತು. ಕಲ್ಕತ್ತೆಯ ಬಟ್‌ತಲಾ ಪ್ರದೇಶದ ಅಚ್ಚುಕೂಟಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮರದಚ್ಚಿನ ಚಿತ್ರಗಳು, ಪಂಚಾಂಗಗಳು, ಅಗ್ಗದ ಪುಸ್ತಕಗಳು ಹೇರಳವಾಗಿ ಹೊರಬಂದವು. ಕಲ್ಲಚ್ಚು ಬಂದು, ಬಳಿಕ ಫೋಟೋದಿಂದ ತಯಾರಾಗುವ ಬ್ಲಾಕುಗಳು ಬಂದು, ಆ ಕೆತ್ತನೆಗಾರರ ಕಸುಬು ಕುಸಿಯಿತು. ಅಂದರೆ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಚ್ಚು ಎಂಬುದು ಒಂದೆಡೆ ವಸಾಹತುಶಾಹಿಯ ಕಸುಬುಶಿಕ್ಷಣ, ಇನ್ನೊಂದೆಡೆ ಅಳಿಯುತ್ತಿದ್ದ ಬೀದಿವ್ಯಾಪಾರ. ಸಂಸ್ಕೃತಿಯ ಪುನರುಜ್ಜೀವನದ ಮಾತಾಡುತ್ತಿದ್ದ ಸುಶಿಕ್ಷಿತ ವರ್ಗಕ್ಕೆ ಅದರಲ್ಲಿ ಆಸಕ್ತಿ ಇರಲು ಕಾರಣವಿರಲಿಲ್ಲ. ರವಿವರ್ಮರ ಅಚ್ಚುಕೂಟದ ಬಣ್ಣದ ಚಿತ್ರಗಳನ್ನು ಈ ವರ್ಗ ಅಭಿರುಚಿಯ ಅಧಃಪತನವೆಂದೇ ಕಂಡಿತ್ತು.

ಇ. ಬಿ. ಹ್ಯಾವೆಲ್ ಮತ್ತು ಅವನೀಂದ್ರನಾಥರ ಕೈಯಲ್ಲಿ ಶಾಲೆಯ ದಿಕ್ಕು ಬದಲಾಗಿದ್ದ ಕಾಲಕ್ಕೆ ನಂದಲಾಲರು ಅಲ್ಲಿ ಸೇರಿದರು. ಅವರ 'ಸತಿ' ಚಿತ್ರಗಳಿಗೆ ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್‌ನ ಪ್ರದರ್ಶನದಲ್ಲಿ 500 ರೂಪಾಯಿಗಳ ಬಹುಮಾನ ದೊರೆಯಿತು. ಲೇಡಿ ಹೆರಿಂಗ್‌ಹ್ಯಾಮರ ತಂಡದೊಡನೆ ಅಜಂತಾಕ್ಕೆ ಹೋಗಿ ಭಿತ್ತಿಚಿತ್ರಗಳ ಪ್ರತಿ ತೆಗೆದರು. ಅವನೀಂದ್ರನಾಥರ ಅದೇ ಶಿಷ್ಯವೃಂದದಲ್ಲಿ ಮೈಸೂರು ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿದ್ದ ಕೆ. ವೆಂಕಟಪ್ಪನವರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ ಮತ್ತು ಬೌದ್ಧ ಪುರಾಣಗಳ ಗ್ರಂಥಕ್ಕೆ (1913) ಚಿತ್ರ ಬರೆದವರಲ್ಲಿ ಇವರಿಬ್ಬರೂ ಸೇರಿದ್ದಾರೆ. ಒಂದೇ ಗುರುವಿನ ಈ ಇಬ್ಬರು ಶಿಷ್ಯರ ಮುಂದಿನ ಹಾದಿಗಳು ಬೇರೆಯಾದ ಬಗೆ ತೌಲನಿಕ ಅಧ್ಯಯನಕ್ಕೆ ಅರ್ಹವಾದುದು. ವೆಂಕಟಪ್ಪನವರು ಏಕಾಂತದ ಸಾಧಕರಾದರು. ನಂದಲಾಲರು ಗುಂಪಿನ ನಡುವೆ ಕೆಲಸ ಮಾಡುವವರಾದರು.

ಗುಂಪಿನಲ್ಲಿ ಕೆಲಸ ಮಾಡುವ ಈ ಗುಣ ಸ್ಪಷ್ಟವಾಗುವುದು ಜೋಡಾಸಾಂಕೊದ ಠಾಕೂರರ ಮನೆಯಲ್ಲಿ ರವೀಂದ್ರನಾಥರು ನಡೆಸಿದ 'ವಿಚಿತ್ರಾ' ಕಲಾಕೂಟದಲ್ಲಿ. ಗಗನೇಂದ್ರನಾಥರು ಅಲ್ಲಿಯೇ ಕಲ್ಲಚ್ಚಿನ ಯಂತ್ರವನ್ನಿಟ್ಟುಕೊಂಡು 1917ರ ಸುಮಾರಿಗೆ ತಮ್ಮ ವ್ಯಂಗ್ಯಚಿತ್ರಗಳನ್ನು ಮುದ್ರಿಸಿದರು. 1843ರ 'ಮಂಗಳೂರ ಸಮಾಚಾರ' ಪತ್ರಿಕೆಯ ಕಾರಣದಿಂದ ಕಲ್ಲಚ್ಚು ಎಂಬುದು ಕನ್ನಡ ಸಂಶೋಧಕರಿಗೆ ಅಪರಿಚಿತವಲ್ಲ. ಅಲ್ಲಿ ಅದು ಅಕ್ಷರಗಳನ್ನು ಮುದ್ರಿಸುವ ಉಪಾಯವಾಗಿತ್ತು. ಜೋಡಾಸಾಂಕೊದಲ್ಲಿ ಅದೇ ತಂತ್ರ ಚಿತ್ರಕಾರನ ಸ್ವಂತ ಅಭಿವ್ಯಕ್ತಿಗೆ ಒದಗಿತು. ಅದೇ ಕೂಟದ ಮುಕುಲ್ ದೇ 1916ರಲ್ಲಿ ರವೀಂದ್ರನಾಥರೊಡನೆ ಅಮೆರಿಕಕ್ಕೆ ಹೋಗಿ ಲೋಹದ ತಗಡಿನ ಮೇಲೆ ಆಮ್ಲದಿಂದ ಕೊರೆದು ಅಚ್ಚು ತೆಗೆಯುವ ಎಚಿಂಗ್ ವಿಧಾನವನ್ನು ಕಲಿತು ಬಂದರು. ಕಲಾವಿದನೇ ತನ್ನ ಅಚ್ಚುಗಾರನಾಗಬಹುದೆಂಬ ಕಲ್ಪನೆ ನಂದಲಾಲರ ಸುತ್ತ ಹೀಗೆ ರೂಪುಗೊಳ್ಳುತ್ತಿತ್ತು.

ರವೀಂದ್ರನಾಥರು 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ಆರಂಭಿಸಿದರು. ನಂದಲಾಲರು ಬಂದು, ಗುರುವಿನ ಇಚ್ಛೆಯಂತೆ ಕಲ್ಕತ್ತೆಗೆ ಮರಳಿ, ಮತ್ತೆ ಬಂದು ನೆಲೆಸಿದರು. 1922ರ ಹೊತ್ತಿಗೆ ಅದರ ಮುಖ್ಯಸ್ಥರಾಗಿ, 1951ರಲ್ಲಿ ನಿವೃತ್ತರಾಗುವವರೆಗೆ ಆ ಹೊಣೆಯನ್ನು ಹೊತ್ತರು. ಅವನೀಂದ್ರನಾಥ ಮತ್ತು ರವೀಂದ್ರನಾಥ, ಈ ಇಬ್ಬರು ಹಿರಿಯರ ಸೆಳೆತದ ನಡುವೆ ಅವರು ಅನುಭವಿಸಿದ ಸಂಕಟ ಸಣ್ಣದಲ್ಲ. ಗುರುವನ್ನು ಬಿಟ್ಟು ಬರುವುದೆಂದರೆ ಕಲ್ಕತ್ತೆಯ ಕಲಾವಲಯವನ್ನೂ ಅದರ ಮಾರುಕಟ್ಟೆಯನ್ನೂ ಬಿಟ್ಟು ಬರುವುದೇ ಆಗಿತ್ತು.

ಕಲಾಭವನದ ಬೋಧನಕ್ರಮದ ಆಧಾರವಾಗಿ ನಂದಲಾಲರು ಜಪಾನಿನ ಒಕಾಕುರ ಅವರಿಂದ ಬಂದ ಒಂದು ತ್ರಿಕೋನವನ್ನು ಇರಿಸಿಕೊಂಡಿದ್ದರು: ಪ್ರಕೃತಿ, ಪರಂಪರೆ, ಸ್ವಂತಿಕೆ. ವಿದ್ಯಾರ್ಥಿಗಳು ಬಯಲಿನಲ್ಲಿ, ಸಂತಾಲರ ಹಳ್ಳಿಗಳಲ್ಲಿ ಅಡ್ಡಾಡಿ ಗಿಡ, ಪ್ರಾಣಿ, ಜನರನ್ನು ಗಮನಿಸುತ್ತಿದ್ದರು. ವರ್ಷಕ್ಕೊಮ್ಮೆ ಪ್ರವಾಸ ಹೋಗಿ ಬಯಲಲ್ಲಿ ಬಿಡಾರ ಹೂಡುತ್ತಿದ್ದರು. ಮೇಷ್ಟರು ಜೇಬಿನಲ್ಲಿ ಅಂಚೆಕಾರ್ಡುಗಳನ್ನಿಟ್ಟುಕೊಂಡು ಕಂಡದ್ದನ್ನು ಅವುಗಳ ಮೇಲೆ ಬರೆದು ಶಿಷ್ಯರಿಗೆ, ಮಿತ್ರರಿಗೆ ಕಳುಹಿಸುತ್ತಿದ್ದರು. ಶಾಂತಿನಿಕೇತನದಲ್ಲಿ ಅವರು ಎಲ್ಲರಿಗೂ ಮಾಸ್ಟರ್ ಮೊಶಾಯ್, ಅಂದರೆ ಮೇಷ್ಟರು. ವಿಶ್ವಭಾರತಿಯಲ್ಲಿ ಆ ವೇಳೆಗಾಗಲೇ ಒಂದು ಮುದ್ರಣಾಲಯವಿತ್ತು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಪಟ್ಟಣದ ಜನ 1917ರಲ್ಲಿ ಆಶ್ರಮದ ಹುಡುಗರಿಗೆಂದು ಉಡುಗೊರೆ ಕೊಟ್ಟ ಮುದ್ರಣಯಂತ್ರದಿಂದ ಅದು ಆರಂಭವಾಗಿತ್ತು.

ಮರದಚ್ಚು ಕಲಾಭವನಕ್ಕೆ ಬಂದದ್ದು ಮೂರು ಕಡೆಗಳಿಂದ. 1922ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಕಲಾವಿದೆ ಆಂದ್ರೆ ಕಾರ್ಪೆಲೆ ಅವರು ವಿದ್ಯಾರ್ಥಿಗಳಿಗೆ ಮರದ ಕೆತ್ತನೆಯನ್ನು ಕಲಿಸಿದರು. 1924ರಲ್ಲಿ ನಂದಲಾಲರು ರವೀಂದ್ರನಾಥರೊಡನೆ ಚೀನಾ, ಜಪಾನುಗಳಿಗೆ ಹೋಗಿ, ಶಿಲಾಫಲಕಗಳಿಂದ ಉಜ್ಜಿ ತೆಗೆದ ಪ್ರತಿಗಳನ್ನೂ ಬಣ್ಣದ ಮರದಚ್ಚುಗಳನ್ನೂ ತಂದರು. ಸಹೋದ್ಯೋಗಿ ಸುರೇಂದ್ರನಾಥ ಕರ್ ಅವರು ಯುರೋಪಿನಿಂದ ಕಲ್ಲಚ್ಚಿನ ಅನುಭವ ಪಡೆದು ಬಂದರು. ಮುಂದೆ ನಂದಲಾಲರ ಮಗ ವಿಶ್ವರೂಪ ಬೋಸರು ಜಪಾನಿಗೆ ಹೋಗಿ ಬಹುವರ್ಣದ ಮರದಚ್ಚನ್ನು ಅಭ್ಯಾಸ ಮಾಡಿ ಮರಳಿದರು. ಹೀಗಾಗಿ ಈ ಕಲೆಯನ್ನು ಅಪ್ಪಟ ದೇಸಿ ಎಂದು ಕರೆಯುವುದಾಗಲಿ ಬರಿಯ ಎರವಲು ಎಂದು ತಳ್ಳಿಹಾಕುವುದಾಗಲಿ ಸಾಧ್ಯವಿಲ್ಲ. ಬಟ್‌ತಲಾದ ಕೆತ್ತನೆಗಾರರ ನೆನಪು ಕೆಲವೇ ಹರಿದಾರಿಗಳ ಆಚೆಗಿದ್ದಾಗ, ಅದೇ ವಿದ್ಯೆ ಪ್ಯಾರಿಸ್ ಮತ್ತು ಟೋಕಿಯೋಗಳನ್ನು ಸುತ್ತಿಕೊಂಡು ಶಾಂತಿನಿಕೇತನಕ್ಕೆ ಬರಬೇಕಾಯಿತು. ಇದರಲ್ಲಿ ಆಧುನಿಕ ಭಾರತೀಯ ಕಲಾಶಿಕ್ಷಣದ ಒಂದು ಕುರುಡೂ ಕಾಣುತ್ತದೆ.

ಆದರೆ ಜಪಾನಿನ ಪದ್ಧತಿಯೊಂದನ್ನು ನಂದಲಾಲರ ಶಾಲೆ ಸ್ವೀಕರಿಸಲಿಲ್ಲ. ಅಲ್ಲಿನ ಸಾಂಪ್ರದಾಯಿಕ ಮರದಚ್ಚಿನಲ್ಲಿ ಚಿತ್ರ ಬರೆಯುವವನು ಒಬ್ಬ, ಹಲಗೆ ಕೆತ್ತುವವನು ಇನ್ನೊಬ್ಬ, ಅಚ್ಚೊತ್ತುವವನು ಮತ್ತೊಬ್ಬ. ಕಲ್ಕತ್ತೆಯ ಪುಸ್ತಕವ್ಯಾಪಾರದಲ್ಲಿಯೂ ಬಹುಮಟ್ಟಿಗೆ ಇದೇ ವಿಭಜನೆ ಇತ್ತು. ಕಲಾಭವನದ ವಿದ್ಯಾರ್ಥಿ ಈ ಮೂರನ್ನೂ ತಾನೇ ಮಾಡಬೇಕಾಗಿತ್ತು. ಯೋಚಿಸುವ ತಲೆ ಮತ್ತು ದುಡಿಯುವ ಕೈಗಳು ಬೇರೆ ಬೇರೆ ಜಾತಿಗಳಿಗೆ ಹಂಚಿಹೋಗಿದ್ದ ಸಮಾಜದಲ್ಲಿ, ಭದ್ರಲೋಕದ ಯುವಕ ಯುವತಿಯರು ಉಳಿ ಹಿಡಿದು, ಕೈಗೆ ಮಸಿ ಬಳಿದುಕೊಂಡು ಕೂರುವುದು ಶೈಕ್ಷಣಿಕ ಸಂಗತಿ ಮಾತ್ರವಾಗಿರಲಿಲ್ಲ.

ಲಿನೋಲಿಯಂ ಈ ದೃಷ್ಟಿಯಿಂದ ವಿಶೇಷ ಉಪಯುಕ್ತವಾಯಿತು. ಅಗಸೆ ಎಣ್ಣೆ ಮತ್ತು ಕಾರ್ಕಿನ ಪುಡಿಯನ್ನು ಸೆಣಬಿನ ಬಟ್ಟೆಯ ಮೇಲೆ ಹರಡಿ ತಯಾರಿಸುವ ಇದು ಮೂಲತಃ ನೆಲಕ್ಕೆ ಹಾಸುವ ಪದಾರ್ಥ. ಮರಕ್ಕಿರುವ ಎಳೆ ಇದಕ್ಕಿಲ್ಲ. ಹಾಗಾಗಿ ಉಳಿ ಯಾವ ದಿಕ್ಕಿಗಾದರೂ ಓಡುತ್ತದೆ. ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ಕೆತ್ತಿ ತೆಗೆದು, ಉಳಿದ ಮೇಲ್ಮೈಗೆ ರೋಲರಿನಿಂದ ಮಸಿ ಸವರಿ, ಕಾಗದವಿಟ್ಟು ಚಮಚದ ಹಿಂಬದಿಯಿಂದ ಉಜ್ಜಿದರೂ ಅಚ್ಚು ಮೂಡುತ್ತದೆ. ಯಂತ್ರ ಬೇಕೇಬೇಕೆಂದಿಲ್ಲ. ಮರದ ತುಂಡಿಗೆ ಅಂಟಿಸಿ ಅಚ್ಚುಮೊಳೆಯ ಎತ್ತರಕ್ಕೆ ತಂದರೆ ಅಕ್ಷರಗಳ ಜೊತೆಯಲ್ಲಿಯೇ ಮುದ್ರಣಯಂತ್ರಕ್ಕೆ ಏರಿಸಬಹುದು. ಇದರ ನಿರ್ಬಂಧಗಳೇ ಒಂದು ಪಾಠ. ಮಾಡಿದ ತಪ್ಪನ್ನು ಅಳಿಸಲಾಗದು, ಕೆತ್ತಿದ್ದು ಹೋಯಿತೆಂದರೆ ಹೋಯಿತು. ಎಡ ಬಲವಾಗಿ, ಬಲ ಎಡವಾಗಿ ಬರುತ್ತದೆ. ನಡುಬಣ್ಣಗಳಿಲ್ಲ, ಕಪ್ಪು ಅಥವಾ ಬಿಳುಪು ಎಂಬ ತೀರ್ಮಾನವನ್ನು ಪ್ರತಿ ಅಂಗುಲದಲ್ಲಿಯೂ ಮಾಡಬೇಕು. ಅವನೀಂದ್ರನಾಥರ ಬಳಗದ ಜಲವರ್ಣಗಳಲ್ಲಿ ಬಣ್ಣವನ್ನು ತೊಳೆದು ತೊಳೆದು ಮಂಜಿನಂತಹ ಮಸುಕು ತರುವುದು ಒಂದು ಶೈಲಿಯಾಗಿ, ಬಳಿಕ ಒಂದು ಚಟವಾಗಿ ಬೆಳೆದಿತ್ತು. ಆ ಮಸುಕಿನಿಂದ ನಂದಲಾಲರ ರೇಖೆಯನ್ನು ಬಿಡಿಸಿದ್ದರಲ್ಲಿ ಭಿತ್ತಿಚಿತ್ರಗಳಿಗೆ ಎಷ್ಟು ಪಾತ್ರವಿದೆಯೋ ಅಷ್ಟೇ ಪಾತ್ರ ಈ ಉಳಿಗೂ ಇದೆ ಎಂದು ಹೇಳಲು ಅವಕಾಶವಿದೆ.

1930ನೆಯ ಇಸವಿ ಈ ದಿಸೆಯಲ್ಲಿ ನಿರ್ಣಾಯಕವಾದುದು. ಆ ವರ್ಷದ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟರು. ನಂದಲಾಲರು ಅದೇ ವರ್ಷ ಕೆತ್ತಿದ 'ಬಾಪೂಜಿ' ಲಿನೋಕಟ್‌ನಲ್ಲಿ ಕೋಲು ಹಿಡಿದು ನಡೆಯುವ ಒಂಟಿ ಆಕೃತಿಯಿದೆ. ಜನಸಂದಣಿಯಿಲ್ಲ, ಸಮುದ್ರವಿಲ್ಲ, ಉಪ್ಪೂ ಇಲ್ಲ. ಕಪ್ಪು ಹಿನ್ನೆಲೆಯಲ್ಲಿ ಕೆಲವೇ ಬಿಳಿಯ ಗೆರೆಗಳು. ನಡಿಗೆಯ ಭಾರವೆಲ್ಲ ಮುಂದಿಟ್ಟ ಹೆಜ್ಜೆ ಮತ್ತು ಕೋಲಿನ ಮೇಲೆ ಬಿದ್ದಿದೆ. ಒಂದು ರಾಜಕೀಯ ಚಳವಳಿಗೆ ಹಲವು ಪ್ರತಿಗಳ ಅಚ್ಚು ಎಷ್ಟು ಸಹಜವಾಗಿ ಹೊಂದುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಸಂಗ್ರಹಾಲಯಗಳಲ್ಲಿ ಇದು ಈಗ ಪೂಜ್ಯ ವಸ್ತುವಾಗಿದೆ. ಆದರೆ ಇದರ ಮೂಲಸ್ವಭಾವ ಹಂಚುವುದಕ್ಕೆ ಒದಗುವಂಥದು.

ರವೀಂದ್ರನಾಥರ 'ಸಹಜ ಪಾಠ'ದ ಮೊದಲೆರಡು ಭಾಗಗಳು ಪ್ರಕಟವಾದದ್ದೂ 1930ರಲ್ಲಿಯೇ. ಬಂಗಾಳಿಯಲ್ಲಿ ಅಕ್ಷರ ಕಲಿಸುವ ಪುಸ್ತಕವೆಂದರೆ ಅದುವರೆಗೆ ಈಶ್ವರಚಂದ್ರ ವಿದ್ಯಾಸಾಗರರ 1855ರ 'ವರ್ಣಪರಿಚಯ'. ನೀತಿಬೋಧೆ ಅದರ ಮುಖ್ಯ ಕಾಳಜಿ. ರವೀಂದ್ರನಾಥರು ನೀತಿಯ ಜಾಗದಲ್ಲಿ ಲಯವನ್ನೂ ಹಳ್ಳಿಯ ದಿನಚರಿಯನ್ನೂ ತಂದರು. ನಂದಲಾಲರ ಲಿನೋಕಟ್‌ಗಳು ಆ ಪುಟಗಳಲ್ಲಿ ಪಠ್ಯದ ವಿವರಣೆಯಾಗಿ ಬರುವುದಿಲ್ಲ, ಪಠ್ಯದೊಡನೆ ಸರಿಸಮವಾಗಿ ನಡೆಯುತ್ತವೆ. ಅಕ್ಷರದ ಕಪ್ಪು ಮತ್ತು ಚಿತ್ರದ ಕಪ್ಪು ಒಂದೇ ತೂಕದವಾದ್ದರಿಂದ ಓದಲು ಬಾರದ ಮಗುವಿಗೆ ಎರಡೂ ಒಂದೇ ಬಗೆಯ ಆಕೃತಿಗಳಾಗಿ ಕಾಣುತ್ತವೆ. ಶಿಶುಸಾಹಿತ್ಯದ ಅಧ್ಯಯನಗಳು 'ಸಹಜ ಪಾಠ'ವನ್ನು ಕವಿಯ ಕೃತಿಯೆಂದಷ್ಟೇ ಪರಿಗಣಿಸುವುದು ಈ ಕಾರಣದಿಂದ ಅಪೂರ್ಣ. ಅದು ಇಬ್ಬರು ಲೇಖಕರ ಪುಸ್ತಕ. ಭಾರತೀಯ ಭಾಷೆಗಳ ಬಾಲಬೋಧೆಗಳನ್ನು, ಕನ್ನಡದವನ್ನೂ ಸೇರಿಸಿ, ಅಧ್ಯಯನ ಮಾಡುವವರು ಚಿತ್ರಕಾರನ ಹೆಸರನ್ನು ಹುಡುಕುವ ಶ್ರಮ ತೆಗೆದುಕೊಳ್ಳದಿರುವುದು ವಿಚಾರಾರ್ಹ.

ಅದೇ ಕಾಲದಲ್ಲಿ ಕಲಾವಿದರ ಸಹಕಾರಿ ಕೂಟವಾಗಿ 'ಕಾರು ಸಂಘ'ವೂ ಆರಂಭವಾಯಿತು. ಕಲಿತ ವಿದ್ಯೆಯಿಂದ ಶಿಷ್ಯರಿಗೆ ಜೀವನೋಪಾಯ ದೊರೆಯಬೇಕೆಂಬುದು ಅದರ ಹಿಂದಿನ ಆಶಯ. ಶ್ರೀನಿಕೇತನದ 'ಹಲಕರ್ಷಣ' ಭಿತ್ತಿಚಿತ್ರ, ಮಣ್ಣಿನ ಗೋಡೆಗೆ ಡಾಂಬರು ಬಳಿದು ಉಬ್ಬುಚಿತ್ರಗಳಿಂದ ತುಂಬಿದ ಕರಿಮನೆ ಎಂಬ ವಿದ್ಯಾರ್ಥಿನಿಲಯ, ಇವೆಲ್ಲ ಗುರುಶಿಷ್ಯರ ಕೂಡುಕೆಲಸಗಳೇ. 1936ರ ಲಖನೌ ಮತ್ತು ಫೈಜ್‌ಪುರ ಅಧಿವೇಶನಗಳ ನಂತರ ಗಾಂಧೀಜಿಯವರ ಕರೆಯಂತೆ ಹರಿಪುರಕ್ಕೆ ಸಿದ್ಧಪಡಿಸಿದ ನಾನೂರರಷ್ಟು ಚಿತ್ರಫಲಕಗಳಲ್ಲಿ ಎಂಬತ್ತಕ್ಕೂ ಹೆಚ್ಚು ನಂದಲಾಲರ ಕೈಯವು, ಉಳಿದವು ಶಿಷ್ಯರು ಅವುಗಳ ಮಾದರಿಯಲ್ಲಿ ಮಾಡಿದವು. ಚಮ್ಮಾರ, ಬಡಗಿ, ವಾದ್ಯಗಾರ, ನೂಲುವ ಹೆಂಗಸು ಇವರೇ ಅಲ್ಲಿನ ನಾಯಕರು. ತಂತ್ರದ ದೃಷ್ಟಿಯಿಂದ ಇವು ಅಚ್ಚುಗಳಲ್ಲ, ಕೈಕಾಗದದ ಮೇಲಿನ ಬಣ್ಣದ ಚಿತ್ರಗಳು. ಆದರೆ ದಪ್ಪ ಗೆರೆ, ಸಪಾಟು ಬಣ್ಣ, ಮೂಲದಿಂದ ಹಲವು ಪ್ರತಿಗಳನ್ನು ಹೊರಡಿಸುವ ಯೋಚನೆ ಇವುಗಳಲ್ಲಿ ಅಚ್ಚಿನ ಅಭ್ಯಾಸದ ಗುರುತುಗಳಿವೆ.

ಈ ಶಿಕ್ಷಣಕ್ರಮವನ್ನು ದೋಷರಹಿತವೆಂದು ಚಿತ್ರಿಸುವುದು ನ್ಯಾಯವಲ್ಲ. ಮೂಲವನ್ನು ಶಿಷ್ಯರು ಪ್ರತಿ ಮಾಡುವ ಕ್ರಮದಲ್ಲಿಯೇ ಅಪಾಯವಿತ್ತು. ಕಲಾಭವನದ ಅನೇಕರು ಮೇಷ್ಟರ ಗೆರೆಯನ್ನೇ ಬದುಕಿನುದ್ದಕ್ಕೂ ಎಳೆದರು. ತೈಲವರ್ಣದ ಬಗೆಗೆ ನಂದಲಾಲರಿಗಿದ್ದ ಹಿಂಜರಿಕೆಯನ್ನು ರಾಮಕಿಂಕರ ಬೈಜ್ ತಮ್ಮ ಹಟದಿಂದಲೇ ದಾಟಬೇಕಾಯಿತು. ದೃಷ್ಟಿ ತೀರ ದುರ್ಬಲವಾಗಿದ್ದ ವಿನೋದಬಿಹಾರಿ ಮುಖರ್ಜಿಯವರು ಸೇರಿದಾಗ ಚಿತ್ರಕಲೆ ಅವರಿಂದ ಸಾಧ್ಯವೇ ಎಂಬ ಸಂದೇಹ ಮೇಷ್ಟರಿಗಿತ್ತು. ರವೀಂದ್ರನಾಥರು ಹುಡುಗನ ಆಸಕ್ತಿಯನ್ನು ನಂಬುವಂತೆ ಹೇಳಿದರು. ಆದರೆ ಈ ಇಬ್ಬರನ್ನೂ ಮುಂದೆ ಕಲಾಭವನದಲ್ಲಿಯೇ ಅಧ್ಯಾಪಕರಾಗಿ ಉಳಿಸಿಕೊಂಡು, ತಮ್ಮ ಹಾದಿಗಿಂತ ಭಿನ್ನವಾದ ಅವರ ಹಾದಿಗಳಿಗೆ ನಂದಲಾಲರು ಎಡೆಮಾಡಿಕೊಟ್ಟರು. 1957ರಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ ಮೇಲೂ ವಿನೋದಬಿಹಾರಿಯವರು ಕಾಗದ ಕತ್ತರಿಸಿ ಚಿತ್ರಗಳನ್ನು ರಚಿಸಿದರು. ಬೆರಳುಗಳಿಗೆ ಕಲಿಸಿದ್ದು ಕಣ್ಣು ಹೋದ ಮೇಲೂ ಉಳಿದಿತ್ತು.

ಕಲಾಭವನದ ಅಚ್ಚು ಹರಡಿದ ಬಗೆ ವಿಸ್ತಾರವಾದ ಬೇರೆಯೇ ಅಧ್ಯಯನವನ್ನು ಕೇಳುತ್ತದೆ. ರಮೇಂದ್ರನಾಥ ಚಕ್ರವರ್ತಿ ಅದನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಒಯ್ದರು. 1928ರಲ್ಲಿ ಮುಕುಲ್ ದೇ ಅಲ್ಲಿನ ಪ್ರಾಂಶುಪಾಲರಾಗಿದ್ದರು. ಹೀಗೆ ಕಸುಬಿನ ಪಾಠವಾಗಿದ್ದ ಕೆತ್ತನೆ ಅದೇ ಕಟ್ಟಡಕ್ಕೆ ಕಲೆಯಾಗಿ ಮರಳಿತು. ಸುಧೀರ್ ಖಾಸ್ತಗೀರ್ 1936ರಲ್ಲಿ ಡೆಹ್ರಾಡೂನಿನ ಡೂನ್ ಶಾಲೆಯ ಕಲಾಧ್ಯಾಪಕರಾದರು. 1940ರಿಂದ ಸುಮಾರು ಎರಡು ವರ್ಷ ಅಲ್ಲಿ ಕಲಿತ ಸತ್ಯಜಿತ್ ರಾಯ್ ಓದು ಮುಗಿಸದೆ ಹೊರಟರೂ ಅವರ ಪುಸ್ತಕಚಿತ್ರಗಳ ಕಪ್ಪುಬಿಳುಪಿನಲ್ಲಿ ಆ ಶಾಲೆಯ ಗುರುತಿದೆ. 1941ರಿಂದ 1946ರವರೆಗೆ ವಿದ್ಯಾರ್ಥಿಯಾಗಿದ್ದ ಚಿತ್ತೂರು ಜಿಲ್ಲೆಯ ಕೃಷ್ಣ ರೆಡ್ಡಿ ಮುಂದೆ ಪ್ಯಾರಿಸ್ಸಿನಲ್ಲಿ ಒಂದೇ ತಗಡಿನಿಂದ ಹಲವು ಬಣ್ಣ ಮುದ್ರಿಸುವ ವಿಧಾನವನ್ನು ಬೆಳೆಸಿ ಜಗತ್ತಿನ ಅಚ್ಚುಕಲಾವಿದರ ಮುಂಪಂಕ್ತಿಯಲ್ಲಿ ನಿಂತರು.

ಸಂವಿಧಾನದ ಕೈಬರಹದ ಪ್ರತಿಯ ಅಲಂಕರಣ ನಂದಲಾಲರ ಕೊನೆಯ ದೊಡ್ಡ ಕೂಡುಕೆಲಸ. ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ ಬರೆದ ಅಕ್ಷರಗಳ ಸುತ್ತ ನಂದಲಾಲರೂ ಶಿಷ್ಯರೂ ಚಿತ್ರಗಳನ್ನು ಹೊಂದಿಸಿದರು. ಹದಿನಾರನೆಯ ಭಾಗದ ಪುಟದಲ್ಲಿ ಝಾನ್ಸಿಯ ಲಕ್ಷ್ಮೀಬಾಯಿಯೊಡನೆ ಟಿಪ್ಪು ಸುಲ್ತಾನರ ಚಿತ್ರವಿರುವುದು ಕನ್ನಡ ಓದುಗರಿಗೆ ತಿಳಿದಿರಬೇಕಾದ ಸಂಗತಿ. ಸಂವಿಧಾನ ಸಭೆಯ ಸದಸ್ಯರು 1950ರ ಜನವರಿ 24ರಂದು ಅದಕ್ಕೆ ಸಹಿ ಹಾಕಿದರು. ಆಮೇಲೆ ಅದರ ಸಾವಿರ ಪ್ರತಿಗಳನ್ನು ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ಫೋಟೋ ಕಲ್ಲಚ್ಚಿನಿಂದ ಮುದ್ರಿಸಲಾಯಿತು. ಭೂಪಟ ಅಚ್ಚು ಹಾಕುವ ಕಚೇರಿಯದು. ಮರುವರ್ಷ ನಂದಲಾಲರು ನಿವೃತ್ತರಾದರು. 1954ರಲ್ಲಿ ಪದ್ಮವಿಭೂಷಣ ಬಂದಿತು. ಸಣ್ಣ ಕಾಗದದ ಚೂರುಗಳ ಮೇಲೆ ಶಾಯಿಯಿಂದ ಬರೆಯುತ್ತ ಕೊನೆಯ ವರ್ಷಗಳನ್ನು ಕಳೆದ ಅವರು 1966ರ ಏಪ್ರಿಲ್ 16ರಂದು ನಿಧನರಾದರು.

ಅವರ ನಂತರ ಕಲಾಭವನಕ್ಕೆ ಹೊಸ ಚೈತನ್ಯ ತುಂಬಿದವರು ಧಾರವಾಡದಲ್ಲಿ ಹುಟ್ಟಿದ ಅವರ ಶಿಷ್ಯ ದಿನಕರ ಕೌಶಿಕ್ (1918-2011). 1967ರಲ್ಲಿ ಪ್ರಾಂಶುಪಾಲರಾಗಿ ಬಂದ ಕೌಶಿಕರು ಸೋಮನಾಥ ಹೋರ್ ಅವರನ್ನು ಕರೆತಂದು ಅಚ್ಚುಕಲೆಯ ವಿಭಾಗವನ್ನು ಒಪ್ಪಿಸಿದರು, ಗುರುವಿನ ಜೀವನಚರಿತ್ರೆಯನ್ನೂ ಬರೆದರು. ಕೌಶಿಕರ ಅವಧಿಯಲ್ಲಿಯೇ, 1973ರಲ್ಲಿ, ನಂದಲಾಲರ ಹುಟ್ಟುಹಬ್ಬದ ಮುನ್ನಾದಿನಗಳಾದ ಡಿಸೆಂಬರ್ 1 ಮತ್ತು 2ರಂದು 'ನಂದನ ಮೇಳ' ಆರಂಭವಾಯಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವು ಮಾಡಿದ ಅಚ್ಚುಗಳನ್ನು, ಮಣ್ಣಿನ ಸಾಮಾನುಗಳನ್ನು, ಚಿತ್ರದ ಕಾರ್ಡುಗಳನ್ನು ಅಂಗಡಿ ಹೂಡಿ ಅಗ್ಗದ ಬೆಲೆಗೆ ಮಾರುತ್ತಾರೆ. ಬಂದ ಹಣ ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿನ ನಿಧಿಗೆ ಸೇರುತ್ತದೆ.